ಕೆಮ್ಮಿ ಬರುವ ಕಾವಲುಗಾರ

೨೦೨೫ ಜನವರಿ ೧೯, ಭಾನುವಾರ. ಬೆಳಗಿನಲ್ಲಿ ಮಂಜು, ಮಧ್ಯಾಹ್ನ ಸೋಸಿಬಿಟ್ಟಂಥ ತೆಳುವಾದ ಬಿಸಿಲು, ಇಳಿಹೊತ್ತಿಗೆ ಮೂಡಣದಿಂದ ಗಾಳಿಯೆದ್ದು ಕೆರೆಯ ನೀರನ್ನು ಒಂದೇ ಕಡೆಗೆ ಬಾಚತೊಡಗಿತು.

ಮಹಮ್ಮದಹನೀಫರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾರೆ. ಹುಣಸೆಯ ತೋಪಿನ ಆಚೆ ಎಲ್ಲೋ ಒಂದು ಕೆಮ್ಮು ಹುಟ್ಟುತ್ತದೆ. ಅದರಲ್ಲಿ ರೋಗವಿಲ್ಲ, ಕಫವಿಲ್ಲ. ತುಸು ಏರಿ, ತುಸು ನಿಂತು, ಮೆಟ್ಟಿಲಿಳಿಯುವವರಂತೆ ನಿಧಾನವಾಗಿ ಇಳಿಯುವ ಕೆಮ್ಮು ಅದು. ಅದಾದ ಮೇಲೆ ಒಂದು ಬಿಡುವು. ಜಾರಿದ ಸೆರಗನ್ನು ಮೇಲೆಳೆದುಕೊಳ್ಳುವಷ್ಟು, ಅಳುತ್ತಿದ್ದವರು ಕಣ್ಣೊರೆಸಿಕೊಳ್ಳುವಷ್ಟು, ಹಿಡಿದ ಕೈಯನ್ನು ಇನ್ನೊಂದು ಕೈ ಸಾವಕಾಶವಾಗಿ ಬಿಡುವಷ್ಟು ದೊಡ್ಡ ಬಿಡುವು. ಅದು ಪೂರ್ತಿಯಾಗಿ ಮುಗಿದ ಮೇಲೆಯೇ ದಾರಿಯ ತಿರುವಿನಲ್ಲಿ ಒಂದು ಹಳೆಯ ಕೋಟು, ಕೋಟಿನ ಮೇಲೊಂದು ಬಿಳಿಯ ಗಡ್ಡ, ಗಡ್ಡದ ಮೇಲೆ ಯಾರನ್ನೂ ನೇರವಾಗಿ ನೋಡದ ಎರಡು ಕಣ್ಣು ಪ್ರತ್ಯಕ್ಷವಾಗುತ್ತವೆ.

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ಬಸ್ಸಿನಲ್ಲಿ, ಕಾಲುವೆಯ ಸೇತುವೆ ದಾಟಿದ ಕೂಡಲೇ ಇಳಿದರೆ ಹಿರೇಕೆರೆಯ ವೃಕ್ಷವನ. ಕಾಲುವೆಯ ನೀರು ಕೆರೆಗೆ ಬಂದ ಮೇಲೆ, ಕಪ್ಪು ಎರೆ ನೆಲದ ನಡುವೆ ಯಾರೋ ಕಂಡ ಹಗಲುಗನಸಿನಂತೆ ಬೇವು, ಹೊಂಗೆ, ಬಿದಿರು ಬೆಳೆದು ನಿಂತ ಜಾಗ ಅದು. ಚಳಿಗಾಲದ ಸಂಜೆ ಅಲ್ಲಿ ಬೆಳಕು ಆಕಾಶದಿಂದ ಬರುವುದಕ್ಕಿಂತ ಹೆಚ್ಚಾಗಿ ನೀರಿನಿಂದ ಬರುತ್ತದೆ. ಎಲ್ಲಿಂದಲೋ ಬಂದಿಳಿದ ಬಾತುಗಳು ಆ ಬೆಳಕಿನ ಮೇಲೆ ಅಲುಗಾಡದೆ ನಿಂತಿರುತ್ತವೆ. ಕಲ್ಲು ಮೆಟ್ಟಿಲುಗಳ ಮೇಲೆ ಕೂತವರ ಮಾತು ನೀರನ್ನು ಮುಟ್ಟಿ, ಅರ್ಥವನ್ನು ಅಲ್ಲಿಯೇ ಬಿಟ್ಟು, ಬರೀ ನಾದವಾಗಿ ಮರಳುತ್ತದೆ. ವಾರದ ದಿನಗಳಲ್ಲಿ ಸುತ್ತಲಿನ ಹೆಣ್ಣುಮಕ್ಕಳು, ಓದುವ ಹುಡುಗಿಯರು. ಭಾನುವಾರ ಸಿಂದಗಿ, ಇಂಡಿಗಳಿಂದ ಬುತ್ತಿ ಕಟ್ಟಿಕೊಂಡು ಬರುವ ಕುಟುಂಬಗಳು. ಇಷ್ಟು ಜನರ ಜೀವ, ಮಾನ, ಚಪ್ಪಲಿ, ಮೊಬೈಲು, ಕೊರಳ ಸರ, ಎಲ್ಲದರ ರಕ್ಷಣೆಯೂ ಅರವತ್ತು ದಾಟಿದ ಈ ಒಬ್ಬ ಮನುಷ್ಯನ ಗಂಟಲಿಗೆ ಸೇರಿದ್ದು.

ಅವರ ಕೋಟಿನ ವಿಷಯ ಹೇಳಬೇಕು. ಕಂದು ಬಣ್ಣದ ಉಣ್ಣೆಯ ಕೋಟು. ಬೇಸಿಗೆಯಲ್ಲಿಯೂ ಅದು ಮೈಮೇಲೆಯೇ. ಹನೀಫರು ಮೂವತ್ತು ವರ್ಷ ಊರೂರು ತಿರುಗುವ ನಾಟಕದ ಕಂಪನಿಯೊಂದರಲ್ಲಿ ಹೆಂಗಸರ ಬಾಗಿಲಿನ ಗೇಟ್ ಕೀಪರ್ ಆಗಿದ್ದವರು. ಕಂಪನಿ ಮುಚ್ಚಿದ ದಿನ ಮಾಲೀಕರು ಪಗಾರದ ಬದಲು, ರಂಗದ ಮೇಲೆ ನ್ಯಾಯಾಧೀಶನ ಪಾತ್ರಧಾರಿ ತೊಡುತ್ತಿದ್ದ ಈ ಕೋಟನ್ನು ಅವರ ಹೆಗಲಿಗೆ ಹೊದಿಸಿ ಅತ್ತರಂತೆ. ತೋಳು ಉದ್ದವಾಗಿ ಬೆರಳನ್ನು ಮುಚ್ಚುತ್ತದೆ. ಮಡಚಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನಡಿಗೆಯೂ ವಿಚಿತ್ರ: ಗಟ್ಟಿ ನೆಲದ ಮೇಲೆ ನಡೆಯುವಾಗಲೂ ದೋಣಿಯಲ್ಲಿ ನಿಂತವರಂತೆ ಸಣ್ಣಗೆ ತೂಗುತ್ತಾರೆ. ಯಾವ ಮಾತನ್ನೂ ‘ಹಂಗಲ್ರಿ’ ಎಂದಲ್ಲದೆ ಆರಂಭಿಸಲಾರರು. ಚಹಾ ಕುಡೀತೀರಾ ಎಂದರೆ, “ಹಂಗಲ್ರಿ ಅಕ್ಕೋರ, ಕುಡೀತೇನಿ” ಎಂಬ ಉತ್ತರ ಬರುತ್ತದೆ. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ಅವರಿಗೆ ಅಕ್ಕೋರು.

ಈ ಕೆಮ್ಮು ಎಲ್ಲಿಯದು ಎಂದು ಒಮ್ಮೆ ಕೇಳಿದ್ದೆ. ಅವರು ಕೆರೆಯನ್ನು ನೋಡುತ್ತ, ನೀರಿಗೆ ಹೇಳುವವರಂತೆ ಹೇಳಿದರು.

“ಹಂಗಲ್ರಿ, ಅದು ನಂದಲ್ಲ, ನಮ್ಮ ಅಬ್ಬಾಂದು. ಹಳೇ ಕೊಲ್ಹಾರದಾಗ ನಮ್ಮದು ದೊಡ್ಡ ಮನಿ. ಅವ್ವ, ಇಬ್ಬರು ಚಿಗವ್ವಂದ್ರು, ಅಕ್ಕಂದ್ರು, ಅಂಗಳ ತುಂಬ ಹೆಣ್ಮಕ್ಕಳು. ಅಬ್ಬಾ ತಲಬಾಗಿಲದಾಗ ನಿಂತು ಒಮ್ಮೆ ಕೆಮ್ಮಿ, ಚಪ್ಪಲಿ ಬಿಟ್ಟು, ಆಮ್ಯಾಲೆ ಒಳಗ ಬರಾಂವ. ಅಷ್ಟ್ರಾಗ ಅವರು ತಲಿಮ್ಯಾಲೆ ಸೆರಗ ಹಾಕ್ಕೊಂಡು, ನಗೂದಿದ್ರ ನಗೂದು ಮುಗಿಸ್ತಿದ್ರು. ಕೆಮ್ಮಿದಾಗ ಯಾರೂ ಅಂಜ್ತಿದ್ದಿಲ್ಲ. ಕೆಮ್ಮದ ಬಂದವರಿಗೆ ಅಂಜ್ತಿದ್ರು.”

“ಆ ಮನೆ?”

“ನೀರಾಗ ಐತ್ರಿ. ಈಗ ಅದರಾಗ ಮೀನ ಒಕ್ಕಲದಾವು.” ಹಾಗೆಂದು ನಕ್ಕರು. ಕೃಷ್ಣೆಯ ಹಿನ್ನೀರು ಏರಿ ಊರು ಮೇಲಕ್ಕೆ ಸರಿದಾಗ ಜನ ಬಾಗಿಲು, ತೊಲೆ, ಬೀಸುಕಲ್ಲುಗಳನ್ನು ಹೊತ್ತು ತಂದರು. ಹನೀಫರ ಪಾಲಿಗೆ ಬಂದದ್ದು ಈ ಕೆಮ್ಮು.

ಕೆಮ್ಮಿಗೆ ಮಣಿಯದವರೂ ಇರುತ್ತಾರೆ. ಅವರಿಗಾಗಿ ಹನೀಫರ ಬಳಿ ಇನ್ನೊಂದು ಉಪಾಯವಿದೆ. ಕಳೆದ ಬೇಸಿಗೆಯಲ್ಲಿ ಇಬ್ಬರು ತರುಣರು ಬಿದಿರು ಮೆಳೆಯ ಹಿಂದೆ ಅವಿತು, ಮೆಟ್ಟಿಲ ಮೇಲೆ ಕೂತ ಜೋಡಿಯೊಂದರ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಹೀಗೆ ತೆಗೆದ ಚಿತ್ರ ತೋರಿಸಿ ಬೆದರಿಸಿ ಹಣ ಕೀಳುವುದು ಇಂಥ ವನಗಳಲ್ಲಿ ಈಚೆಗೆ ಬಂದ ದಂಧೆ. ಹನೀಫರು ಕೆಮ್ಮಿದರು, ಜೋಡಿ ದೂರ ಸರಿದು ಕೂತಿತು, ಇವರಿಬ್ಬರು ಕದಲಲಿಲ್ಲ. ಹನೀಫರು ಹೋಗಿ ಅವರ ಪಕ್ಕದಲ್ಲಿ ಆರಾಮಾಗಿ ಕುಕ್ಕರಿಸಿದರು.

“ಯಾ ಊರಪಾ?”

“ಇಂಡಿ. ಯಾಕ?”

“ಹಂಗಲ್ಲೋ, ಇಂಡಿ ದೊಡ್ಡದೈತಿ. ಯಾ ಓಣಿ? ಯಾರ ಮಗ?”

“ನಿನಗ್ಯಾಕ ಬೇಕು ಮುದುಕಾ?”

“ನಿಂಬಿಕಾಯಿ ಅಡತಿ ಅಂಗಡಿ ಬಾಳಪ್ಪನ ಪೈಕಿ ಏನು? ಮೂಗು ಅವನಂಗ ಐತಿ.”

ತರುಣನ ಕೈ ತಾನಾಗಿಯೇ ಮೂಗಿಗೆ ಹೋಯಿತು. “ಅಂವ... ನಮ್ಮ ಕಾಕಾ.”

“ಛಲೋ ಆತಲ್ಲ! ನಮ್ಮ ನಾಟಕಕ್ಕ ಬಂದ್ರ ಮುಂದಿನ ಸಾಲಿನ್ಯಾಗ ಕುಂಡ್ರಾಂವ. ಹಚ್ಚು ಫೋನ್. ನಿಮ್ಮ ಹುಡುಗ ಇಲ್ಲಿ ಮಂದೀದು ಫೋಟೋ ತಗ್ಯಾಕತ್ತಾನ, ಸ್ಟುಡಿಯೋ ಗಿಡಿಯೋ ಹಾಕಿಕೊಟ್ಟಿ ಏನು ಅಂತ ಕೇಳೂಣು.”

ಚಿತ್ರಗಳೆಲ್ಲ ಅಲ್ಲಿಯೇ ಅಳಿಸಿಹೋದವು. ಹನೀಫರು ಇಬ್ಬರಿಗೂ ತಮ್ಮ ತಂಬಿಗೆಯ ನೀರು ಕುಡಿಸಿ, ಗೇಟಿನವರೆಗೆ ಕಳಿಸಿಬಂದರು. ಬಾಳಪ್ಪನವರು ಅಷ್ಟು ಪರಿಚಯವೇ ಎಂದು ನಾನು ಬೆರಗಿನಿಂದ ಕೇಳಿದಾಗ ಅವರಿಗೆ ನನ್ನ ಮುಗ್ಧತೆ ಕಂಡು ನಗು ಬಂತು. “ಹಂಗಲ್ರಿ ಅಕ್ಕೋರ, ಇಂಡ್ಯಾಗ ನಿಂಬಿಕಾಯಿ ವ್ಯಾಪಾರ ಮಾಡೂರಾಗ ಒಬ್ಬ ಬಾಳಪ್ಪರೆ ಇರಂಗಿಲ್ಲೇನು?”

ಈ ವನಕ್ಕೆ ಬರುವವರಲ್ಲಿ ಚಂದವ್ವ ಎಂಬಾಕೆ ಒಬ್ಬಳು. ಬಾಗೇವಾಡಿಯಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಉದ್ಯೋಗ. ಕೋಳಿ ಕೂಗುವುದಕ್ಕೆ ಒಲೆಯ ಮುಂದೆ ಕೂತರೆ ಏಳುವುದು ಬಿಸಿಲು ಇಳಿಯುವಾಗ. ಹೆಂಗಸರಿಗೆ ಬಸ್ಸು ಬಿಟ್ಟಿಯಾದಂದಿನಿಂದ ಆಕೆ ದಿನವೂ ಸಂಜೆ ಹಿರೇಕೆರೆಗೆ ಬಂದು, ಕೊನೆಯ ಮೆಟ್ಟಿಲಿನಲ್ಲಿ ಕಾಲನ್ನು ನೀರಿಗಿಳಿಬಿಟ್ಟು, ಯಾರೊಡನೆಯೂ ಮಾತಾಡದೆ ಕೂತಿರುತ್ತಾಳೆ. ಅವಳ ಇಡೀ ದಿನದಲ್ಲಿ ಅವಳದೇ ಆದದ್ದು ಅದೊಂದೇ ಹೊತ್ತು.

ದೀಪಾವಳಿ ಮುಗಿದ ವಾರ, ಅದೇ ಮೆಟ್ಟಿಲ ಮೇಲೆ, ಅವಳ ಕೊರಳ ಬೋರಮಾಳಕ್ಕೆ ಹಿಂದಿನಿಂದ ಒಂದು ಕೈ ಬಿತ್ತು. ಕೆರೆಯ ಒಡ್ಡಿನ ಕಡೆ ಹರಿದಿದ್ದ ತಂತಿಬೇಲಿಯಲ್ಲಿ ಇಬ್ಬರು ನುಸುಳಿ ಬಂದಿದ್ದರು. ಸರ ಹರಿಯಿತು; ಅವಳು ಚೀರಿ ಅದರ ಒಂದು ತುದಿಯನ್ನು ಹಿಡಿದುಕೊಂಡಳು; ಒಬ್ಬನು ಅವಳ ಕೈಯನ್ನು ತಿರುಚತೊಡಗಿದ. ಆಗ ಹುಣಸೆಯ ತೋಪಿನಿಂದ ಆ ಕೆಮ್ಮು ಕೇಳಿಸಿತು. ಇಬ್ಬರೂ ಕೈಗೆ ಸಿಕ್ಕಷ್ಟನ್ನು ಕಿತ್ತುಕೊಂಡು, ಬೇಲಿ ದಾಟಿ, ಕಾಲುವೆಯ ದಾರಿಯಲ್ಲಿ ನಿಲ್ಲಿಸಿದ್ದ ಬೈಕನ್ನೇರಿ ಹೋದರು. ಹನೀಫರು ಓಡಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಹೊಳೆಯುವ ನಾಲ್ಕಾರು ಬಂಗಾರದ ಗುಂಡುಗಳು, ಅವುಗಳ ನಡುವೆ ಕೊರಳನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ಕೂತ ಚಂದವ್ವ.

ಕೆಮ್ಮು ಅವಳ ಕೈಯನ್ನು ಉಳಿಸಿತು ಎಂದು ಕೆಲವರೆಂದರು. ಕೆಮ್ಮು ಕಳ್ಳರನ್ನು ಉಳಿಸಿತು ಎಂದು ಉದ್ಯಾನದ ಸಮಿತಿ ಹೇಳಿತು. ಸಮಿತಿಯ ಅಧ್ಯಕ್ಷರಾದ ಸಂಜೀವಕುಮಾರರು ಬೀಜ ಗೊಬ್ಬರದ ವ್ಯಾಪಾರಿ, ಕೆಟ್ಟವರಲ್ಲ, ಈ ವನದ ಅರ್ಧ ಗಿಡಗಳಿಗೆ ಮೊದಲ ಬೇಸಿಗೆಯ ನೀರು ಹಾಕಿಸಿದವರು ಅವರೇ. ಗೇಟಿನ ಬಳಿ ಎಲ್ಲರ ಎದುರಿಗೆ ಹನೀಫರನ್ನು ಕೇಳಿದರು:

“ಹನೀಫ ಚಾಚಾ, ನೀ ಕಾವಲುಗಾರ. ಮದಿವಿ ಬ್ಯಾಂಡಿನವರಂಗ ಬಾರಿಸ್ಕೋತ ಬಂದ್ರ ಕಳ್ಳ ಏನು ಆರತಿ ಹಿಡ್ಕೊಂಡು ನಿಂದರ್ತಾನ?”

“ಹಂಗಲ್ರಿ ಸಾವಕಾರ್ರ—”

“ಹಂಗೂ ಇಲ್ಲ, ಹಿಂಗೂ ಇಲ್ಲ. ಇನ್ನ ಮ್ಯಾಲೆ ಕೆಮ್ಮಂಗಿಲ್ಲ. ಸುಮ್ಮನ ಹೋಗು, ಹಿಡಿ, ಆಮ್ಯಾಲೆ ಸೀಟಿ ಊದು. ಇನ್ನೊಂದ ಇಂಥಾದು ಆತಂದ್ರ ನಾ ಏನೂ ಕೇಳೂದಿಲ್ಲ. ಸಂಜಿಗೆ ಹೆಣ್ಮಕ್ಕಳನ್ನ ಒಳಗ ಬಿಡೂದ ಬಂದ್. ಜವಾಬ್ದಾರಿ ನನ್ನ ತಲಿಮ್ಯಾಲೆ ಐತಿ.”

ಹನೀಫರಿಗೆ ರಬ್ಬರಿನ ಅಡಿಯ ಹೊಸ ಬೂಟುಗಳನ್ನೂ ಒಂದು ಸೀಟಿಯನ್ನೂ ಕೊಡಲಾಯಿತು. ಅಂದು ಸಂಜೆ ಅವರು ಬೆಂಚಿನ ಮೇಲೆ ಬೂಟು ಕಟ್ಟಿಕೊಳ್ಳುತ್ತ ನನಗೆ ಹೇಳಿದ್ದಿಷ್ಟು: “ಹಂಗಲ್ರಿ ಅಕ್ಕೋರ, ಸಾವಕಾರ್ರು ಸುಳ್ಳ ಹೇಳಿಲ್ಲ. ಆ ದಿನ ನಾ ಕೆಮ್ಮದಿದ್ರ ಸಿಗತಿದ್ರೋ ಏನೋ.” ಆ ‘ಏನೋ’ ಎಂಬುದನ್ನು ಅವರು ಇಂದಿಗೂ ಬಗೆಹರಿಸಿಕೊಂಡಿಲ್ಲ. ನಾನೂ ಬಗೆಹರಿಸಲಾರೆ.

ಮೌನದ ಆ ದಿನಗಳಲ್ಲಿ ವನದ ಸ್ವಭಾವವೇ ಬದಲಾದುದನ್ನು ಕಂಡೆ. ಹಿಂದೆ ಕಾವಲುಗಾರ ಎಲ್ಲಿದ್ದಾರೆಂಬುದನ್ನು ಕಿವಿ ತಾನಾಗಿಯೇ ಬಲ್ಲುದಾಗಿತ್ತು. ಬಲ್ಲದ್ದರಿಂದಲೇ ಅದನ್ನು ಮರೆತು ಓದಬಹುದಾಗಿತ್ತು, ಹಾಡಬಹುದಾಗಿತ್ತು, ಏನೂ ಮಾಡದೆ ಇರಬಹುದಾಗಿತ್ತು. ಈಗ ಒಣಗಿದ ಎಲೆಯೊಂದು ಸರಿದರೂ ಅದು ಹಾವೋ, ಕಳ್ಳನೋ, ಹನೀಫರೋ ತಿಳಿಯದು. ಹೊಂಗೆಯ ಕೆಳಗೆ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರು ಮರಕ್ಕೆ ಬೆನ್ನು ಕೊಟ್ಟು ಕೂರತೊಡಗಿದರು, ಆಮೇಲೆ ಗೇಟಿನ ಹತ್ತಿರ ಕೂತರು, ಆಮೇಲೆ ಬರಲಿಲ್ಲ. ಜನ ಕಡಿಮೆಯಾದಂತೆ ನೆರಳು ಹೆಚ್ಚಾಯಿತು. ಹನೀಫರು ಆ ನೆರಳಿನಲ್ಲಿ ಬಾಯಿಗೆ ಕೋಟಿನ ತೋಳನ್ನು ಒತ್ತಿಕೊಂಡು, ತಮ್ಮದಲ್ಲದ ಹೆಜ್ಜೆಗಳಿಂದ, ನಿದ್ದೆಯಲ್ಲಿ ನಡೆಯುವವರಂತೆ ಓಡಾಡುತ್ತಿದ್ದರು. ಬಾತುಗಳು ಕೂಡ ಅವರನ್ನು ಕಂಡು ಏಳತೊಡಗಿದವು.

ಆ ಘಟನೆಯ ಬಳಿಕ ಮನೆ ಬಿಟ್ಟು ಹೊರಬಾರದಿದ್ದ ಚಂದವ್ವ ಒಂದು ಸಂಜೆ ಧೈರ್ಯ ಮಾಡಿ ಬಂದಳು. ಅದೇ ಮೆಟ್ಟಿಲು, ಅದೇ ನೀರು. ಕೊರಳಲ್ಲಿ ಮಾತ್ರ ಕರಿಮಣಿಯ ಎಳೆಯೊಂದೇ. ನಾನು ಮೇಲಿನ ಮೆಟ್ಟಿಲಿನಲ್ಲಿದ್ದೆ. ಅವಳ ಬೆನ್ನ ಹಿಂದೆ ಏನೋ ಸರಿಯಿತು. ಅವಳು ತಿರುಗಿಯೂ ನೋಡದೆ ಚಪ್ಪಲಿ ಎತ್ತಿ ಬೀಸಿದಳು. ಅದು ನ್ಯಾಯಾಧೀಶನ ಕೋಟಿನ ಎದೆಗೆ ಸರಿಯಾಗಿ ಬಡಿಯಿತು.

“ಯವ್ವಾ! ಯಾವನ್ಲೇ ಅಂವ?”

“ನಾ ಅದೇನಿ ಬೇ, ಹನೀಫ.”

“ಹನೀಫಣ್ಣ ಆದ್ರ ಕೆಮ್ಮು ಎಲ್ಲಿ ಹೋತು? ಕಳ್ಳರಂಗ ಬೆಕ್ಕಿನ ಹೆಜ್ಜಿ ಇಟ್ಕೊಂಡು ಬರ್ತಿಯಲ್ಲ, ನನ್ನ ಜೀವ ತಗೀಬೇಕಂತ ಮಾಡೀ ಏನು?”

“ಹಂಗಲ್ಲವ್ವಾ, ಕಮಿಟಿಯವರು ಕೆಮ್ಮಬ್ಯಾಡ ಅಂದಾರ.”

“ಕೆಮ್ಮಾಕೂ ಕಮಿಟಿ ಅಪ್ಪಣಿ ಬೇಕೇನು? ನಾಳೆ ಆಕಳಿಸಾಕೂ ಅರ್ಜಿ ಬರೀತಿ ನೀ!”

ಮೂವರೂ ನಕ್ಕೆವು. ನಗುತ್ತಿದ್ದಂತೆಯೇ ಅವಳ ಕೈ ಕೊರಳಿಗೆ ಹೋಯಿತು, ಮುಖ ಬಾಡಿತು, ಮತ್ತು ಆಕೆ ಬಹಳ ಹೊತ್ತು ಅತ್ತಳು. ಹನೀಫರು ಚಪ್ಪಲಿಯನ್ನು ಎತ್ತಿ, ಧೂಳು ಕೊಡವಿ, ಅವಳ ಕಾಲಿನ ಬಳಿ ಇಟ್ಟು, ಬೆನ್ನು ತಿರುಗಿಸಿ ನಿಂತರು.

ಮುಂದಿನ ಭಾನುವಾರ ಸಂಜೀವಕುಮಾರರು ವನ ನೋಡಲು ಬಂದಾಗ ಗೇಟಿನಲ್ಲಿ ಅವರನ್ನು ಎದುರುಗೊಂಡವಳು ಚಂದವ್ವ. ಕೈಯಲ್ಲಿ ಹಿಟ್ಟಿನ ಬಿಳುಪು ಇನ್ನೂ ಇತ್ತು.

“ಸಾವಕಾರ್ರ, ಒಂದ ಮಾತ ಕೇಳ್ಲೇನು? ನಾ ನಿಮ್ಮ ಮನಿಗೆ ರೊಟ್ಟಿ ತರೂವಾಗ ನಿಮ್ಮಪ್ಪಾರು ಇದ್ರಲ್ಲ, ಅಡಗಿಮನಿ ಕಡೆ ಬರೂಕಿಂತ ಮೊದಲ ಕೆಮ್ಮತಿದ್ದಿಲ್ಲೇನು?”

“ಕೆಮ್ಮತಿದ್ರು. ಅದು ಮನಿ, ಚಂದವ್ವ.”

“ಮನ್ಯಾಗ ನನಗ ಒಲಿ ಐತ್ರಿ, ಕುಂಡ್ರಾಕ ಜಾಗ ಎಲ್ಲೈತಿ? ನಾ ಕುಂಡ್ರೂದು ಇಲ್ಲೇ. ಇಲ್ಲಿ ಹನೀಫಣ್ಣ ಕೆಮ್ಮಿದ್ರ ನನಗ ಹಿಂದ ತಿರಗಿ ನೋಡೂದು ತಪ್ಪತಿತ್ತು. ಈಗ ಬರೇ ಹಿಂದ ನೋಡೂದ ಆಗೇತಿ. ನೀರ ಯಾವಾಗ ನೋಡ್ಲಿ?”

“ಮತ್ತ ನಿನ್ನ ಬೋರಮಾಳ? ಆ ಕಳ್ಳರನ್ನ ಹಿಡೀಬೇಕೋ ಬ್ಯಾಡೋ?”

“ಪೊಲೀಸರಿಗೆ ಬರದ ಕೊಟ್ಟೇನಿ, ಹಿಡೀಲಿ. ಬಂಗಾರ ಹೋತಂತ ಹೊತ್ತೂ ಕಸ್ಕೋಬ್ಯಾಡ್ರಿ ಅಷ್ಟ. ನನಗ ಕಳ್ಳ ಬ್ಯಾಡ್ರಿ ಸಾವಕಾರ್ರ, ಸಂಜಿ ಬೇಕು.”

ಸಂಜೀವಕುಮಾರರು ಒಡ್ಡಿನ ತನಕ ನಡೆದುಹೋಗಿ ಹರಿದ ಬೇಲಿಯನ್ನು ತಾವೇ ಅಲುಗಿಸಿ ನೋಡಿದರು. ಮರುವಾರ ಅಲ್ಲಿ ಹೊಸ ತಂತಿ ಬಂತು, ಒಂದು ದೀಪ ಬಂತು. ಕೆಮ್ಮಿಗೆ ಅನುಮತಿಯೂ ಬಂತು. ಆದರೆ ವ್ಯಾಪಾರಿಯ ಮನಸ್ಸು ಪೂರ್ತಿ ಬಿಟ್ಟುಕೊಡದು: ವನದ ತುಂಬ ಕೆಮ್ಮಬಹುದು, ಒಡ್ಡಿನ ದಾರಿಯಲ್ಲಿ ಮಾತ್ರ ಸುಮ್ಮನೆ ಹೋಗತಕ್ಕದ್ದು. “ಹಂಗಲ್ರಿ, ಆತ್ರಿ” ಎಂದರು ಹನೀಫರು. ಒಡ್ಡಿನ ದಾರಿಯಲ್ಲಿಯೂ ಅವರು ಕೆಮ್ಮುತ್ತಾರೆ; ಕೊಂಚ ಸಣ್ಣಗೆ, ಅಷ್ಟೆ. ಬೋರಮಾಳದ ಸುಳಿವು ಇದುವರೆಗೆ ಹತ್ತಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಹೊಂಗೆಯ ಕೆಳಗೆ ಮರಳಿದ್ದಾರೆ.

ಇಂದು ನಾನು ಹೋದಾಗ ಹೊತ್ತು ಇಳಿಯುತ್ತಿತ್ತು. ಚಂದವ್ವ ಮೆಟ್ಟಿಲ ಮೇಲಿರಲಿಲ್ಲ. ಅದರ ಮೇಲಿನ ಕಲ್ಲುಬೆಂಚಿನ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು, ಬಾಯಿ ತುಸು ತೆರೆದು, ನಿದ್ದೆಹೋಗಿದ್ದಳು. ಮುಖದ ಮೇಲೆ ನೀರಿನ ಬೆಳಕು ಆಡುತ್ತಿತ್ತು. ನಲವತ್ತೊಂಬತ್ತರ ಈ ವಯಸ್ಸಿನವರೆಗೆ ನಾನು ಗಂಡಸರು ಬಸ್ ನಿಲ್ದಾಣಗಳಲ್ಲಿ, ಕಟ್ಟೆಗಳ ಮೇಲೆ, ಮರದ ಬುಡಗಳಲ್ಲಿ ಹೀಗೆ ಮಲಗಿದ್ದನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಬಯಲಿನಲ್ಲಿ ಒಬ್ಬಳೇ ನಿರಾಳವಾಗಿ ನಿದ್ದೆಹೋದ ಹೆಂಗಸನ್ನು ಕಂಡದ್ದು ಇದೇ ಮೊದಲು.

ಹುಣಸೆಯ ಕಡೆಯಿಂದ ಹನೀಫರು ಬರುತ್ತಿದ್ದರು. ತಿರುವಿಗೆ ಬಂದು ನಿಂತರು. ಎದೆ ತುಂಬ ಉಸಿರೆಳೆದುಕೊಂಡರು. ಬೆಂಚು ಕಣ್ಣಿಗೆ ಬಿತ್ತು. ಎಳೆದುಕೊಂಡ ಉಸಿರನ್ನು ಹಾಗೆಯೇ, ಸದ್ದಿಲ್ಲದೆ, ಬಹಳ ನಿಧಾನವಾಗಿ ಹೊರಗೆ ಬಿಟ್ಟರು. ಆಮೇಲೆ ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಬಂದ ದಾರಿಯಲ್ಲಿಯೇ ತೂಗುತ್ತ ಹಿಂತಿರುಗಿ, ಅವಳು ಎದ್ದರೆ ಕಾಣುವಷ್ಟು ಹತ್ತಿರದಲ್ಲಿ, ಎಚ್ಚರಾಗದಷ್ಟು ದೂರದಲ್ಲಿ, ಬೇವಿನ ಬುಡದಲ್ಲಿ ಕೂತರು. ನಾನೂ ಹೋಗಿ ಅಲ್ಲಿಯೇ ಕೂತೆ. ಬಾತುಗಳು ಏಳಲಿಲ್ಲ.

ಕಳ್ಳನನ್ನು ಹಿಡಿದವನ ಹೆಸರು ಮರುದಿನ ನಾಲ್ಕು ಜನರ ಬಾಯಲ್ಲಿ ಇರುತ್ತದೆ. ನಡೆಯದೇ ಹೋದ ಕಳ್ಳತನಕ್ಕೆ, ಏಳದೇ ಹೋದ ಚೀತ್ಕಾರಕ್ಕೆ, ಬೆದರದೇ ಮನೆ ಸೇರಿದ ಹುಡುಗಿಗೆ ಸಾಕ್ಷಿ ಎಲ್ಲಿಂದ ತರುವುದು? ಹನೀಫರಂಥವರು ಒಂದೊಂದು ಊರಿನಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ: ಒಬ್ಬಳೇ ಇಳಿಯುವವಳನ್ನು ದೀಪದ ಕಂಬದ ಕೆಳಗೇ ಇಳಿಸುವ ಕಂಡಕ್ಟರು, ಕೊನೆಯ ಬಸ್ಸಿನ ಹೆಣ್ಣುಮಕ್ಕಳು ಓಣಿ ಸೇರುವತನಕ ಒಲೆಯಾರಿಸದ ಚಹಾದಂಗಡಿಯವಳು. ತಾವು ಇದ್ದೇವೆಂಬುದನ್ನು ಸಾರಿ ಹೇಳಿ, ಆಮೇಲೆ ತಮ್ಮನ್ನು ಮರೆತುಬಿಡಲು ನಮಗೆ ಎಡೆಗೊಡುವ ಜನ. ಅವರು ಬಯಸುವ ಮನ್ನಣೆ ಆ ಮರೆವೇ. ಅದು ಸಂದದ್ದು ಅವರಿಗಷ್ಟೇ ಗೊತ್ತಾಗುತ್ತದೆ.

ಇಂದಿನ ಖರ್ಚು: ಬಸ್ಸಿಗೆ ಇಲ್ಲ. ಸೇಂಗಾ, ಹತ್ತು ರೂಪಾಯಿ. ಚಹಾ, ಚಂದವ್ವ ಎದ್ದ ಮೇಲೆ, ಮೂವರಿಗೆ, ಮೂವತ್ತು.